ಪೇಪರ್ ಮುಗಿಯಲಿ ಅಂದವಳು

ನನಗೆ ಸಿಟ್ಟು ಬಲು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಶಾಲೆಯಲ್ಲಿ ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹುಬ್ಬಳ್ಳಿಯ ದೇಶಪಾಂಡೆ ನಗರದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಮುಂಜಾನೆ ಧಾರವಾಡದ ಮಾಳಮಡ್ಡಿಯ ಮನೆ ಬಿಟ್ಟು ಬಸ್ಸು ಹಿಡಿದು ಶಾಲೆ ಮುಟ್ಟುವುದರೊಳಗೆ ಕಂಡಕ್ಟರ್ ಜತೆ ಒಂದು, ಕಿಟಕಿ ಸೀಟಿಗೆ ಒಂದು, ಹೀಗೆ ಎರಡು ಜಗಳ ಮುಗಿದಿರುತ್ತವೆ. ಮಕ್ಕಳು ನನಗೆ ‘ಒಣಮೆಣಸಿನಕಾಯಿ’ ಅಂತ ಹೆಸರಿಟ್ಟಿದ್ದಾರೆ. ‘ಬ್ಯಾಡಗಿದಲ್ಲೋ, ಗುಂಟೂರಿಂದು’ ಅಂತ ಒಬ್ಬ ತಿದ್ದಿದ್ದೂ ನನ್ನ ಕಿವಿಗೆ ಬಿದ್ದಿದೆ. ಬ್ಯಾಡಗಿಗೆ ಬಣ್ಣ ಇದೆ, ಖಾರ ಕಡಿಮೆ. ಹುಡುಗ ಲೆಕ್ಕದಲ್ಲಿ ದಡ್ಡನಾದರೂ ಇದರಲ್ಲಿ ತಪ್ಪಿರಲಿಲ್ಲ.

ಇಂಥವಳನ್ನು ಹಿಡಿದು ಮಕ್ಕಳ ಮನಸ್ಸು ತಿಳಿಯುವ ತರಬೇತಿಗೆ ಕಳಿಸಿದರು. ನನ್ನಲ್ಲಿ ಏನೋ ಕಂಡು ಕಳಿಸಿದ್ದಲ್ಲ. ಮೀಟಿಂಗಿನಲ್ಲಿ ಒಬ್ಬೊಬ್ಬರು ಒಂದೊಂದು ನೆವ ಹೇಳಿ ಜಾರಿಕೊಂಡರು, ನಾನು ಅವತ್ತು ರಜೆ ಹಾಕಿದ್ದೆ, ಅಷ್ಟೇ. ಧಾರವಾಡದಲ್ಲೇ ಎರಡು ದಿನದ ಕಾರ್ಯಕ್ರಮ. ಬೆಂಗಳೂರಿನಿಂದ ಬಂದಿದ್ದ ಹುಡುಗಿಯೊಬ್ಬಳು, ನನ್ನ ಮಗಳ ವಯಸ್ಸಿನವಳು, ಬಣ್ಣದ ಕಾಗದ ಹಂಚಿ ಸಿಟ್ಟಿಗೆ ಯಾವ ಬಣ್ಣ, ದುಃಖಕ್ಕೆ ಯಾವ ಬಣ್ಣ ಅಂತ ಕೇಳಿದಳು. ಆಮೇಲೆ ಕಣ್ಣು ಮುಚ್ಚಿ ನಿಮ್ಮೊಳಗಿನ ಮಗುವನ್ನು ಮಾತಾಡಿಸಿ ಅಂದಳು. ನನ್ನೊಳಗಿನ ಮಗು ಊಟ ಎಷ್ಟಕ್ಕೆ ಅಂತ ಕೇಳಿತು. ಪಕ್ಕದಲ್ಲಿ ಕೂತಿದ್ದ ಗದಗ ಕಡೆಯ ಹಿರಿಯ ಮಾಸ್ತರರೊಬ್ಬರಿಗೆ ಇದನ್ನು ಪಿಸುಗುಟ್ಟಿದೆ, ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು.

ಆದರೆ ಎರಡನೇ ದಿನ ಆ ಹುಡುಗಿ ಒಂದು ಮಾತು ಕೇಳಿದಳು. “ನೀವು ಸ್ಕೂಲಿಗೆ ಹೋಗ್ತಿದ್ದಾಗ ಯಾರಾದ್ರೂ ಟೀಚರ್, ಯಾಕೆ ಸಪ್ಪಗಿದೀಯ ಅಂತ ಕೇಳಿದ್ದು ನೆನಪಿದೆಯಾ?” ನಾನು ಆರನೇ ಇಯತ್ತೆಯಲ್ಲಿದ್ದಾಗ ನನ್ನ ತಂಗಿ ಜ್ವರ ಬಂದು ತೀರಿಕೊಂಡಳು. ಐದು ದಿನ ಬಿಟ್ಟು ಶಾಲೆಗೆ ಹೋದಾಗ ಮಾಸ್ತರರು “ಹೋಮ್‌ವರ್ಕ್ ಎಲ್ಲಿ?” ಅಂದಿದ್ದರು. ಅವರೇನು ಕೆಟ್ಟವರಲ್ಲ, ಅವರಿಗೆ ಗೊತ್ತಿತ್ತೋ ಇಲ್ಲವೋ. ಇದೆಲ್ಲ ಯಾವತ್ತೋ ಮರೆತೆ ಅಂದುಕೊಂಡಿದ್ದೆ. ಆ ಹಾಲಿನಲ್ಲಿ ನಲವತ್ತು ಮಂದಿ ಮಾಸ್ತರರ ನಡುವೆ ಕೂತು ಮೂಗು ಒರೆಸಿಕೊಂಡೆ. ಊಟದ ಮಾತು ಮತ್ತೆ ಆಡಲಿಲ್ಲ.

ಶಾಲೆಗೆ ವಾಪಸ್ಸು ಬಂದು ಹೆಡ್‌ಮಾಸ್ತರರ ಹತ್ತಿರ ಶನಿವಾರದ ಕೊನೆಯ ಪಿರಿಯಡ್ ಕೇಳಿ ತೆಗೆದುಕೊಂಡೆ. ಶನಿವಾರ ನಮ್ಮದು ಮುಂಜಾನೆಯ ಶಾಲೆ, ಹನ್ನೊಂದೂವರೆಗೆ ಗಂಟೆ ಹೊಡೆಯುತ್ತದೆ, ಆ ಕೊನೆಯ ಪಿರಿಯಡ್ಡಿನಲ್ಲಿ ಹೇಗೂ ಯಾರೂ ಏನೂ ಕಲಿಸುವುದಿಲ್ಲ. ಸ್ಟೋರ್ ರೂಮಿನಲ್ಲಿ ಇಲಿಗಳ ಪಾಲಾಗಿದ್ದ ಒಂದು ಹಳೆ ಜಮಖಾನೆ ಝಾಡಿಸಿ ತಂದು, ಬೆಂಚುಗಳನ್ನು ಗೋಡೆಗೆ ಸರಿಸಿ, ಎಂಟನೇ ತರಗತಿಯವರನ್ನು ಸುತ್ತಲೂ ಕೂರಿಸಿದೆ. ಇಲ್ಲಿ ಪಾಠ ಇಲ್ಲ, ಮನಸ್ಸಿಗೆ ಅನ್ನಿಸಿದ್ದನ್ನು ಮಾತಾಡ್ರಿ ಅಂದೆ. ಮೂರು ಶನಿವಾರ ಒಬ್ಬರೂ ಪಿಟ್ಟೆನ್ನಲಿಲ್ಲ. ನಾನು ಏನೋ ಹೂಟ ಹೂಡಿದ್ದೇನೆ, ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೇವೆ ಅಂತ ಅವರ ಭಯ. ನಾಲ್ಕನೆಯ ವಾರ ಹಿಂದೆ ಕೂತಿದ್ದ ಒಬ್ಬ ತಮ್ಮ ಮನೆಯ ನಾಯಿ ಸತ್ತದ್ದು ಹೇಳಿ ಅತ್ತ, ಯಾರೂ ನಗಲಿಲ್ಲ, ಅಲ್ಲಿಂದ ಶುರುವಾಯಿತು.

ಅವತ್ತೇ ಮಕ್ಕಳು ಕೂಡಿ ನಿಯಮ ಮಾಡಿದರು. ಯಾರೂ ನಗಬಾರದು. ಇಲ್ಲಿಯ ಮಾತು ಜಮಖಾನೆ ಬಿಟ್ಟು ಹೊರಗೆ ಹೋಗಬಾರದು. ಸುಳ್ಳು ಹೇಳಬಾರದು. ನಾನು ಚಾರ್ಟಿನ ಮೇಲೆ ಬರೆಯುತ್ತಿದ್ದಾಗ ಒಂದು ಹುಡುಗಿ ಎದ್ದು ನಿಂತಳು.

“ಟೀಚರ್, ಅದರ ಮುಂದ ಟೀಚರೂ ಹೇಳಬಾರದು ಅಂತ ಬರೀರಿ.”

“ನಾ ಯಾಕ ಸುಳ್ಳ ಹೇಳ್ಲಿ?” ಅಂದೆ.

“ದೊಡ್ಡವರ ಜಾಸ್ತಿ ಹೇಳ್ತಾರ್ರಿ,” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕು ಬರೆದೆ.

ಈ ಬರಹ ಆ ಹುಡುಗಿಯ ಕುರಿತದ್ದು. ತೆಳ್ಳಗಿದ್ದಳು, ಎರಡು ಜಡೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಗಣಿತದಲ್ಲಿ ಅವಳಂಥವಳನ್ನು ನಾನು ನಾಲ್ಕೈದು ವರ್ಷಕ್ಕೊಮ್ಮೆ ನೋಡುತ್ತೇನೆ. ನಾನು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಒಂದು ಮೆಟ್ಟಿಲು ಹಾರಿದರೆ “ಅದ್ಹೆಂಗ ಬಂತ್ರಿ?” ಅಂತ ಕೈ ಎತ್ತುತ್ತಿದ್ದಳು. ತಂದೆ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನು ನಡೆಸುತ್ತಾನೆ. ತಾಯಿ ಮನೆಯಲ್ಲೇ. ಒಬ್ಬಳೇ ಮಗಳು.

ಸಂಕ್ರಾಂತಿ ಮುಗಿದ ಮೇಲೆ ಅವಳು ಜಮಖಾನೆಯ ಮೇಲೂ ಸುಮ್ಮನಿರತೊಡಗಿದಳು. ಒಂದು ಶನಿವಾರ ಎಲ್ಲರೂ ಹೋದ ಮೇಲೆ ನಿಲ್ಲಿಸಿಕೊಂಡು ಕೇಳಿದೆ. ತಾಯಿಯ ಹೊಟ್ಟೆಯಲ್ಲಿ ಗಡ್ಡೆಯಂತೆ, ಎರಡನೇ ಸಲ ದವಾಖಾನೆಗೆ ಸೇರಿಸಿದ್ದಾರಂತೆ.

“ನಾ ಒಳಗ ಹೋದ ಕೂಡಲೇ ಎಲ್ಲಾರೂ ಮಾತ ನಿಲ್ಲಸ್ತಾರ್ರಿ. ಅವ್ವ ಕಣ್ಣ ಒರಸ್ಕೋತ ನಗತಾಳ. ಅಪ್ಪ ಛಲೋ ಆಕ್ಕಾಳ ಅಂತಾನ, ಮಾರಿ ಮಾತ್ರ ಈ ಕಡೆ ಮಾಡೂದಿಲ್ಲ. ನನಗ ಯಾರೂ ಖರೇ ಹೇಳೂದಿಲ್ಲ, ಟೀಚರ್.”

“ನನಗ ಗೊತ್ತಾದ್ರ ನಾ ಹೇಳ್ತೀನಿ,” ಅಂದೆ.

“ಆಣಿ ಮಾಡ್ರಿ.”

“ನಾ ಹೇಳಿದ ಮ್ಯಾಲೆ ಆಣಿ ಎದಕ್ಕ ಬೇಕು?” ಅಂತ ಗದರಿಸಿದೆ. ಅವಳ ಮುಖ ಅಷ್ಟಕ್ಕೇ ಹಗುರಾಯಿತು. ಮನೆಯವರೆಲ್ಲರಿಗಿಂತ ನನ್ನನ್ನೇ ನಂಬಿಬಿಟ್ಟಳು. ನನಗೂ ಒಳಗೊಳಗೇ ಹೆಮ್ಮೆಯಾಯಿತು, ಇಲ್ಲ ಅನ್ನುವುದಿಲ್ಲ.

ವಾರ್ಷಿಕ ಪರೀಕ್ಷೆ ಬಂತು. ಗಣಿತದ ದಿನ, ಹತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ನನ್ನ ಫೋನು ರಿಂಗಾಯಿತು. ಹುಡುಗಿಯ ತಂದೆ.

“ಅಕ್ಕೋರ, ಭಾಳ ಕಷ್ಟ ಐತ್ರಿ. ಡಾಕ್ಟರು ಇವತ್ತ ನಾಳೆ ಅನ್ನಾಕತ್ತಾರ. ಅಕಿ ಮುಂಜಾನಿಂದ ಮಗಳನ್ನ ಕರಕೊಂಡ ಬರ್ರಿ, ಮಗಳನ್ನ ಕರಕೊಂಡ ಬರ್ರಿ ಅಂತ ಒಂದ ಸಮನ ಅನ್ನಾಕತ್ತಾಳ. ಇವತ್ತ ಪರೀಕ್ಷಾ ಬ್ಯಾರೆ. ನನಗೇನೂ ತಿಳೀವಲ್ದು. ನಾ ಬಂದು ಕರಕೊಂಡ ಹೋಗ್ಲೇನ್ರಿ? ನೀವು ಹೆಂಗಂತೀರಿ ಹಂಗ.”

ನಾನು ಏನು ಹೇಳಿದೆ ಅನ್ನುವುದು ಒಂದಕ್ಷರ ಬಿಡದೆ ನೆನಪಿದೆ. “ಇವತ್ತ ನಾಳೆ ಅಂದಾರಲ್ಲಾ, ಮಧ್ಯಾಹ್ನದೊಳಗ ಏನಾಗ್ತದ? ಪೇಪರ್ ಮುಗೀಲಿ. ಒಂದಕ್ಕ ಮುಗೀತದ, ನಾನ ಆಟೋದಾಗ ಕರಕೊಂಡ ಬರ್ತೀನಿ.”

“ಆತ್ರಿ ಅಕ್ಕೋರ. ನಿಮಗ ತಿಳೀತೈತಿ,” ಅಂದ.

ಯಾಕೆ ಹಾಗೆ ಹೇಳಿದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಮ್ಮ ಕಡೆ ಇದು ರೂಢಿ. ಪರೀಕ್ಷೆ ಬರೆಯುವ ಮಗುವಿಗೆ ಸಾವುನೋವಿನ ಸುದ್ದಿ ಮುಟ್ಟಗೊಡುವುದಿಲ್ಲ. ನನ್ನ ಅಣ್ಣ ಪಿಯುಸಿ ಬರೆಯುವಾಗ ಅವನನ್ನು ಎತ್ತಿ ಆಡಿಸಿದ ಕಾಕಾ ತೀರಿಕೊಂಡರು. ಮೂರು ದಿನ ಮುಚ್ಚಿಟ್ಟರು, ಆಮೇಲೆ ‘ಹುಡುಗನ ವರ್ಷ ಉಳೀತು’ ಅಂತ ಎಲ್ಲರೂ ನಮ್ಮ ಅವ್ವನನ್ನು ಹೊಗಳಿದರು. ಅಣ್ಣ ಏನಾದ ಅಂತ ಯಾರೂ ನೋಡಲಿಲ್ಲ. ಆದರೆ ರೂಢಿಯ ತಲೆಗೆ ಕಟ್ಟಿ ನಾನು ಪಾರಾಗುವಂತಿಲ್ಲ. ಎಂಟನೇ ತರಗತಿಯ ಪರೀಕ್ಷೆ ಅದು, ಇನ್ನೊಂದು ದಿನ ಬರೆಸಬಹುದಿತ್ತು, ಬರೆಸುವವಳು ನಾನೇ. ಖರೇ ಹೇಳಬೇಕೆಂದರೆ, ಅದು ನನ್ನ ಪೇಪರ್ ಆಗಿತ್ತು. ಕೊನೆಯ ಪ್ರಶ್ನೆಯನ್ನು ಆ ಹುಡುಗಿಯನ್ನು ಕಣ್ಣ ಮುಂದಿಟ್ಟುಕೊಂಡೇ ತೆಗೆದಿದ್ದೆ. ಅವಳು ಅದನ್ನು ಬಿಡಿಸುವುದನ್ನು ನೋಡಬೇಕಿತ್ತು ನನಗೆ. ಸುಡಲಿ ನನ್ನ ಗಣಿತ.

ಪ್ರಶ್ನೆಪತ್ರಿಕೆಯಲ್ಲಿ ತಪ್ಪೇನಾದರೂ ಇದೆಯೇ ಅಂತ ವಿಷಯದ ಶಿಕ್ಷಕರು ಕೋಣೆ ಕೋಣೆಗೆ ಹೋಗಿ ಕೇಳಬೇಕು. ಅವಳ ಕೋಣೆಗೆ ಹೋದೆ. ಬರೆಯುತ್ತಿದ್ದವಳು ತಲೆ ಎತ್ತಿದಳು.

“ಟೀಚರ್, ಅಪ್ಪ ಫೋನ್ ಮಾಡ್ತೀನಿ ಅಂದಿದ್ದ. ಮಾಡಿದ್ನೇನ್ರಿ? ಅವ್ವ ಹೆಂಗದಾಳಂತ?”

“ಆರಾಮ ಇದ್ದಾರಂತ. ನೀ ಬರಿ.”

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ನಂಬಿದಳು. ಮತ್ತೆ ಬಗ್ಗಿ ಬರೆಯತೊಡಗಿದಳು. ಜಮಖಾನೆಯ ಮೇಲೆ ಚಾರ್ಟು ಬರೆದ ಕೈ ನನ್ನದೇ, ಈ ಸುಳ್ಳು ಹೇಳಿದ ಬಾಯಿಯೂ ನನ್ನದೇ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅಂತಾರಲ್ಲ, ಅದಕ್ಕೆ ನನ್ನನ್ನು ನೋಡಿದರೆ ಸಾಕು.

ಹನ್ನೊಂದೂವರೆಗೆ ಮತ್ತೆ ಫೋನು ಬಂತು. ಕಾರಿಡಾರಿಗೆ ಬಂದು ಎತ್ತಿದೆ. “ಹೋದ್ಲ್ರಿ ಅಕ್ಕೋರ,” ಅಂದ ಅವನು. ಆಮೇಲೆ ಯಾರೋ ಅವನ ಕೈಯಿಂದ ಫೋನು ತೆಗೆದುಕೊಂಡರು. ದವಾಖಾನೆಗೆ ಬರಬೇಡಿ, ನೇರ ಮನೆಗೇ ಹುಡುಗಿಯನ್ನು ಕರೆದುಕೊಂಡು ಬನ್ನಿ ಅಂದರು. ಇನ್ನೂ ಒಂದೂವರೆ ಗಂಟೆ ಉಳಿದಿತ್ತು. ಇನ್ನು ಎಬ್ಬಿಸಿ ಏನು ಮಾಡಲಿ, ನೋಡಬೇಕಾದ ಜೀವ ಹೋಗಿಯಾಗಿದೆ. ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು. ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದಳು.

ಒಂದಕ್ಕೆ ಗಂಟೆ ಹೊಡೆಯಿತು. ಆಟೋ ಹತ್ತಿಸಿಕೊಂಡೆ.

“ದವಾಖಾನಿ ಆ ಕಡೆ ಅಲ್ಲೇನ್ರಿ?” ಅಂದಳು.

“ಅವ್ವನ್ನ ಮನಿಗೆ ಕರಕೊಂಡ ಬಂದಾರ.”

ನಾನು ಹೇಳಿದ್ದು ಸುಳ್ಳಲ್ಲ, ನೋಡಿ. ಅದಕ್ಕೇ ಅದು ಮೊದಲಿನ ಸುಳ್ಳಿಗಿಂತ ಕೆಟ್ಟದ್ದು. ಅವಳು ಸೀಟಿನ ಮೇಲೆ ಕುಣಿದು ಕೂತಳು. “ಡಿಸ್ಚಾರ್ಜ್ ಮಾಡಿದ್ರಾ! ಅದಕ್ಕ ಅಪ್ಪ ಬರ್ಲಿಲ್ಲೇನ್ರಿ?” ಆಮೇಲೆ ಪ್ರಶ್ನೆಪತ್ರಿಕೆ ಬಿಚ್ಚಿ ತೊಡೆಯ ಮೇಲೆ ಹರವಿ, ಒಂದೊಂದೇ ಉತ್ತರ ಹೇಳುತ್ತಾ ಹೋದಳು. “ಕೊನೀದು ನೀವು ನನಗಂತನ ಕೊಟ್ಟೀರಿ, ನನಗ ಗೊತ್ತಾತು,” ಅಂತ ನಕ್ಕಳು. ನಾನು ಹ್ಞೂಂ ಹ್ಞೂಂ ಅಂದೆ. ಹೇಳು, ಈಗಲಾದರೂ ಹೇಳು ಅಂತ ಒಳಗೊಳಗೇ ನನ್ನನ್ನು ಗದರಿಸಿಕೊಂಡೆ. ಆ ನಗುವ ಮುಖದ ಮುಂದೆ ಬಾಯಿ ಏಳಲಿಲ್ಲ. ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ರೇಡಿಯೋ ಬಂದ್ ಮಾಡಿದ.

ಅವರ ಮನೆಯ ಮುಂದೆ ಮಂದಿ ನಿಂತಿದ್ದರು. ಅವಳ ನಗು ಸ್ವಲ್ಪ ಸಣ್ಣದಾಯಿತು, ಆದರೂ ಇಳಿದು ಮುಂದೆ ಮುಂದೆ ನಡೆದಳು. ಅವರ ಮಂದಿಯಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಹೂವು ಹಾಕಿ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲವೆ? ಆದರೆ ಆ ಹೊತ್ತಿಗೆ ತಲೆಗೆ ಹೊಳೆಯಲೇ ಇಲ್ಲ. ಅವಳಿಗಂತೂ ಅದು ಕಣ್ಣಾರೆ ಕಾಣುವ ಮೊದಲ ಸಾವು. ಬಾಗಿಲಲ್ಲಿ ನಿಂತ ಮಂದಿಯ ನಡುವಿನಿಂದ ಪಡಸಾಲೆ ಕಂಡಿತು.

“ಅವ್ವ ಎದ್ದ ಕುಂತಾಳ!” ಅಂದಳು. ಒಳಗೆ ಓಡಿದಳು.

ಆಮೇಲೆ ಕೇಳಿದ ಕೂಗನ್ನು ಬರೆಯುವುದು ನನ್ನಿಂದ ಆಗುವುದಿಲ್ಲ. ನಾನು ಹೊಸ್ತಿಲ ಹೊರಗೇ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಕ್ಕಳನ್ನು ಅಳಿಸಿದ್ದೇನೋ, ಲೆಕ್ಕ ತಪ್ಪಿದ್ದಕ್ಕೆ, ಮಾತಾಡಿದ್ದಕ್ಕೆ. ಇದು ಅಂಥ ಅಳು ಆಗಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳ ಸೋದರತ್ತೆಯೊಬ್ಬಳು ಎದೆ ಬಡಿದುಕೊಂಡು ಅತ್ತಳು. “ಮಗಳು ಮಗಳು ಅಂತ ಜೀವ ಬಿಟ್ಲಲ್ಲೋ, ಕೂಸಿಗೆ ತಾಯಿ ಮಾರಿ ತೋರಿಸಲಿಲ್ಲಲ್ಲೋ!” ಹುಡುಗಿ ತಲೆ ಎತ್ತಿದಳು. ಅಳು ನಿಂತುಹೋಗಿತ್ತು.

“ನನ್ನ ಕೇಳಿದ್ಲಾ? ಕೇಳಿದ್ರ ಯಾಕ ಕರೀಲಿಲ್ಲ? ಯಾರು ಬ್ಯಾಡ ಅಂದ್ರು?”

ನಾನು ಎದ್ದು ನಿಂತೆ. ಬಾಯಿ ತೆರೆದೆ ಅಂತಲೇ ಇವತ್ತಿಗೂ ನನಗೆ ಅನ್ನಿಸುತ್ತದೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅವಳ ತಂದೆ ನನ್ನ ಕಡೆ ಒಮ್ಮೆ ನೋಡಿ, “ನಾನ ಬ್ಯಾಡ ಅಂದೆ,” ಅಂದ. “ಪರೀಕ್ಷಾ ಮುಗೀಲಿ ಅಂದೆ. ಟೀಚರಿಗೇನೂ ಗೊತ್ತಿದ್ದಿಲ್ಲ, ಯವ್ವಾ.”

ಅವಳು ಅಪ್ಪನನ್ನು ನೋಡಿದಳು. ಆಮೇಲೆ ಎದ್ದು ಬಂದು ನನ್ನ ಸೊಂಟ ಹಿಡಿದುಕೊಂಡು ಹೊಟ್ಟೆಯಲ್ಲಿ ಮುಖ ಇಟ್ಟು ಅತ್ತಳು. ಗುಂಟೂರ ಮೆಣಸಿನಕಾಯಿಯ ಬಾಯಿಗೆ ಅವತ್ತು ಬೀಗ ಬಿತ್ತು. ಅವಳ ತಲೆ ಸವರುತ್ತಾ ನಿಂತೆ, ಅಷ್ಟೇ.

ಜೂನಿನಲ್ಲಿ ಒಂಬತ್ತನೇ ತರಗತಿಗೆ ಬಂದಳು. ದಿನಾ ಮಧ್ಯಾಹ್ನ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬರುತ್ತಿದ್ದಳು, ನಾನು ನನ್ನ ಪಲ್ಯ ಅವಳಿಗೆ ಹಾಕುತ್ತಿದ್ದೆ. ಜಮಖಾನೆಯೂ ಆ ಮಕ್ಕಳ ಜತೆ ಒಂಬತ್ತಕ್ಕೆ ಬಂದಿತ್ತು, ಅದರ ಮೇಲೆ ಮತ್ತೆ ಮಾತಾಡತೊಡಗಿದಳು. ಅವ್ವನ ಕೈಯ ಸಜ್ಜಿ ರೊಟ್ಟಿ, ಅವ್ವ ತಲೆ ಬಾಚುವಾಗ ಬೈಯುತ್ತಿದ್ದದ್ದು, ಎಲ್ಲ ಹೇಳಿದಳು. ಇನ್ನೊಂದನ್ನೂ ಹೇಳಿದಳು: ಅವತ್ತಿನಿಂದ ಅಪ್ಪನ ಜತೆ ಮಾತು ಬಿಟ್ಟಿದ್ದೇನೆ. ಹೆಡ್‌ಮಾಸ್ತರರು ಪಾಲಕರ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ತಾಯಿ ಕಳೆದುಕೊಂಡ ಮಗುವನ್ನು ಈ ಟೀಚರ್ ಹೇಗೆ ಸಂಭಾಳಿಸಿದರು ನೋಡಿ ಅಂದರು. ಚಪ್ಪಾಳೆ ಬಿತ್ತು. ನಾನು ನಮಸ್ಕಾರ ಮಾಡಿದೆ. ಯವ್ವಾ, ಎಂಥ ನಾಚಿಕೆಗೇಡು!

ಶ್ರಾವಣದಲ್ಲಿ ಒಂದು ದಿನ ಅವಳ ತಂದೆ ವರ್ಕ್‌ಶಾಪಿನಿಂದ ಬಿಡುವು ಕೇಳಿಕೊಂಡು ನನ್ನನ್ನು ನೋಡಲು ಬಂದ. ಬೆರಳ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಾ ಮಾಡಿದ್ದು ಉಣ್ಣೂದಿಲ್ರಿ ಅಕಿ. ನಾ ರೊಟ್ಟಿ ಬಡ್ಯಾಕ ಕಲತೇನಿ, ದುಂಡಗ ಬರೂದಿಲ್ಲ, ಆದ್ರ ಬೇಯತಾವು. ನಾ ಹೊರಗ ಹೋದ ಮ್ಯಾಲೆ ತಾನ ಅನ್ನಾ ಮಾಡ್ಕೊಂಡ ಉಣತಾಳ. ನೀವು ಒಂದ ಮಾತ ಹೇಳ್ರಿ. ನೀವು ಹೇಳಿದ್ರ ಕೇಳತಾಳ.”

“ನೀವ್ಯಾಕ ಹಂಗ ಹೇಳಿದ್ರಿ ಅವತ್ತ?” ಅಂತ ಕೇಳಿದೆ. “ಬ್ಯಾಡ ಅಂದಾಕಿ ನಾನು.”

ಅವನು ತಲೆ ತಗ್ಗಿಸಿಕೊಂಡು ನಿಂತ. “ಅಕಿ ಮನಸಬಿಚ್ಚಿ ಮಾತಾಡೂದು ನಿಮ್ಮ ಕೂಡ ಒಬ್ರ ಕೂಡ ರೀ. ನಿಮ್ಮ ಮ್ಯಾಲೆ ಸಿಟ್ಟಾದ್ರ ಸಾಲಿ ಬಿಡತಿದ್ಲು, ಯಾರ ಮುಂದ ಅಳತಿದ್ಲು? ನನ್ನ ಮ್ಯಾಲೆ ಸಿಟ್ಟಾದ್ರ ಎಲ್ಲಿ ಹೋಗ್ತಾಳ, ಸಂಜಿಗೆ ಮನಿಗೇ ಬರತಾಳ. ನನ್ನ ಕಣ್ಣ ಮುಂದ ಇರತಾಳ.” ಹೊರಡುವಾಗ ಕೈ ಮುಗಿದ. “ಅವತ್ತಿಂದು ಮಾತ್ರ ನೀವು ಏನೂ ಹೇಳಾಕ ಹೋಗಬ್ಯಾಡ್ರಿ, ಅಕ್ಕೋರ. ನಡೀತೈತಿ.”

ತರಬೇತಿ ಪಡೆದವಳು ನಾನು. ಗೋಡೆಯ ಮೇಲೆ ಸರ್ಟಿಫಿಕೇಟು ನನ್ನದು. ಹೆಂಡತಿಯ ಹೆಣ ಪಕ್ಕದಲ್ಲಿರುವಾಗ, ಆ ಒಂದು ನಿಮಿಷದಲ್ಲಿ, ಮಗಳಿಗೆ ಯಾರು ಉಳಿಯಬೇಕು ಅಂತ ಯೋಚಿಸಿ ತನ್ನನ್ನೇ ಬಿಟ್ಟುಕೊಟ್ಟವನು ಆ ಲೇಥ್ ಮಶೀನಿನವನು. ಅವನು ಹೋದ ಮೇಲೆ ಬಾತ್‌ರೂಮಿಗೆ ಹೋಗಿ ನಳ ಬಿಟ್ಟು ಅತ್ತೆ.

ಅಷ್ಟಾದರೂ ಹೇಳಲಿಲ್ಲ. ಅವನೇ ಹೇಳಬ್ಯಾಡ್ರಿ ಅಂದಿದ್ದಾನೆ, ಮಗುವಿಗೆ ಮತ್ತೊಂದು ಪೆಟ್ಟು ಯಾಕೆ, ಇನ್ನೂ ಸ್ವಲ್ಪ ಗಟ್ಟಿಯಾಗಲಿ ಅಂತ ದಿನಕ್ಕೊಂದು ನೆವ ಹುಡುಕಿದೆ. ನಿಜವೇನೆಂದರೆ, ಮಧ್ಯಾಹ್ನ ಡಬ್ಬಿ ಹಿಡಿದು ಅವಳು ಬಾಗಿಲಲ್ಲಿ ಬಂದು ನಿಲ್ಲುವುದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅವನ ಮಗಳನ್ನು ಅವನ ತಟ್ಟೆಯಿಂದ ಎತ್ತಿಕೊಂಡು ನಾನು ಉಣಿಸುತ್ತಿದ್ದೆ. ಊಟ ಮಾಡು, ಅಪ್ಪ ಮಾಡಿದ್ದು ಉಣ್ಣು ಅಂತ ಹೇಳಿದೆ, ಅದೂ ನಾಲಗೆಯ ತುದಿಯಿಂದ. ಅವಳು ಹ್ಞೂಂ ಅಂದಳು, ಉಣ್ಣಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲಿನ ಒಂದು ಶನಿವಾರ. ಪಿರಿಯಡ್ ಮುಗಿದು ಮಕ್ಕಳು ಹೋದರು, ಅವಳು ಜಮಖಾನೆ ಮಡಚಲು ನನಗೆ ಕೈ ಹಚ್ಚಿದಳು. ಮಡಚುತ್ತಾ, ನನ್ನ ಕಡೆ ನೋಡದೆ ಹೇಳಿದಳು.

“ನಿನ್ನೆ ಅಪ್ಪಗ ಒಂದ ಮಾತ ಅಂದೆ, ಟೀಚರ್. ಅವ್ವನ ಬದಲಿ ನೀ ಸಾಯಬೇಕಾಗಿತ್ತು ಅಂದೆ.”

“ಅವ್ರೇನಂದ್ರು?”

“ಹೌದವಾ ಅಂದ. ಹೊರಗ ಹೋಗಿ ಕುಂತ.”

ನಾನು ಜಮಖಾನೆ ಕೆಳಗಿಟ್ಟೆ. ಇನ್ನು ಒಂದು ದಿನ ತಡೆದರೆ ನಾನು ಮನುಷ್ಯಳಲ್ಲ ಅನ್ನಿಸಿತು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ನಾನೂ ಕೂತೆ. ಹೇಳಿದೆ. ಅಪ್ಪ ಫೋನು ಮಾಡಿದ್ದು, ಅವ್ವ ಕೇಳುತ್ತಿದ್ದಾಳೆ ಕರೆದುಕೊಂಡು ಹೋಗಲೇನ್ರಿ ಅಂತ ಅಂಗಲಾಚಿದ್ದು, ಪೇಪರ್ ಮುಗೀಲಿ ಅಂತ ನಾನು ಅಂದದ್ದು. ಪರೀಕ್ಷೆಯ ಕೋಣೆಯಲ್ಲಿ ಅವಳು ಕೇಳಿದಾಗ ನನಗೆ ಎಲ್ಲ ಗೊತ್ತಿತ್ತು ಅನ್ನುವುದು. ಆಟೋದಲ್ಲಿ ಅವಳು ನಗುವಾಗ ನನಗೆ ಇನ್ನೂ ಹೆಚ್ಚು ಗೊತ್ತಿತ್ತು ಅನ್ನುವುದು. ಅಪ್ಪ ಯಾಕೆ ತನ್ನ ಮೇಲೆ ಹಾಕಿಕೊಂಡ ಅನ್ನುವುದನ್ನೂ, ಅವನು ಹೇಳಿದ ಹಾಗೆಯೇ ಹೇಳಿದೆ. ತಪ್ಪಾಯ್ತವಾ ಅಂದೆ. ಆ ಮಾತು ಎಷ್ಟು ಸಣ್ಣದು ಅಂತ ಆಡಿದ ಮೇಲೆ ಗೊತ್ತಾಯಿತು.

ಅವಳು ಅಳುತ್ತಾಳೆ, ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ನನಗೆ ಗೊತ್ತಿರುವ ಭಾಷೆ. ಕೆಳಗೆ ಗೇಟಿನ ಹತ್ತಿರ ಬೈಕಿನ ಹಾರ್ನ್ ಕೇಳಿತು. ಶನಿವಾರ ಅವಳ ಅಪ್ಪ ಕರೆದುಕೊಂಡು ಹೋಗಲು ಬರುತ್ತಿದ್ದ; ಅವಳು ಅವನಿಗೆ ಮಾತಿಲ್ಲದೆ ಹಿಂದೆ ಹತ್ತಿ ಕೂರುತ್ತಿದ್ದಳು.

“ಆ ಪೇಪರ್‌ನ್ಯಾಗ ನನಗ ಎಷ್ಟ ಬಂದಿದ್ವು, ಟೀಚರ್?” ಅಂತ ಕೇಳಿದಳು. “ನಾ ನೋಡಲೇ ಇಲ್ಲ.”

“ಎಂಬತ್ತಕ್ಕ ಎಪ್ಪತ್ತೆಂಟು.”

ಅವಳು ತಲೆಯಾಡಿಸಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಬೋರ್ಡಿನ ಮೇಲೆ ನಾನು ಒಂದು ಮೆಟ್ಟಿಲು ಹಾರಿದಾಗ ಕೇಳುವ ದನಿಯಲ್ಲೇ ಕೇಳಿದಳು.

“ಅಷ್ಟಕ್ಕೇನ್ರಿ?”

ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದಳು. ಖರೇನೇ ಕಾದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು, ಮೊದಲು ನಡೆದಳು, ಆಮೇಲೆ ಮೆಟ್ಟಿಲ ಮೇಲೆ ಓಡುವುದು ಕೇಳಿಸಿತು. ನಾನು ಕಿಟಕಿಯ ಹತ್ತಿರ ಹೋಗಲಿಲ್ಲ, ಹೋಗುವ ಧೈರ್ಯ ಇರಲಿಲ್ಲ. ಗೇಟಿನ ಹತ್ತಿರ ಅವಳು “ಅಪ್ಪಾ” ಅಂದದ್ದು ಮೇಲಿನವರೆಗೂ ಕೇಳಿತು. ಅವನನ್ನು ಅವಳು ಹಾಗೆ ಕರೆದು ಆರು ತಿಂಗಳಾಗಿತ್ತು.